ಒಂದು ಸೆಂಟಿಮೀಟರ್ ಸುರಂಗ

ಅವೆಂಜರ್ಸ್ ಸಿನಿಮಾಗಳಲ್ಲಿ ಹಲ್ಕ್ ಆಗಿ ನಟಿಸುವ ಮಾರ್ಕ್ ರಫಲೋ ಅವರನ್ನು ನಮ್ಮ ಊರುಗಳ ಮಕ್ಕಳೂ ಗುರುತಿಸುತ್ತಾರೆ. ಅವರ ಎಡಗಿವಿ ಕೇಳುವುದಿಲ್ಲ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. 2001ರಲ್ಲಿ, ಅವರು ಇನ್ನೂ ಹೆಸರು ಮಾಡುತ್ತಿದ್ದ ದಿನಗಳಲ್ಲಿ, ಆ ಕಿವಿಯ ಹಿಂದೆ ಗಡ್ಡೆಯೊಂದು ಪತ್ತೆಯಾಯಿತು. ಹೆಂಡತಿ ಆಗ ತುಂಬು ಬಸುರಿ. ಹೆರಿಗೆಯಾಗುವವರೆಗೂ ರಫಲೋ ವಿಷಯವನ್ನು ತಮ್ಮಲ್ಲೇ ಇಟ್ಟುಕೊಂಡರು. ಗಡ್ಡೆ ಕ್ಯಾನ್ಸರಿನದಲ್ಲ, ಆದರೂ ತೆಗೆಯಬೇಕಿತ್ತು. ಆಪರೇಷನ್ನಿನ ನಂತರ ಮುಖದ ಎಡಭಾಗ ತಿಂಗಳುಗಟ್ಟಲೆ ಸ್ವಾಧೀನದಲ್ಲಿರಲಿಲ್ಲ. ಮುಖ ಕ್ರಮೇಣ ಚೇತರಿಸಿಕೊಂಡಿತು, ನಟನೆಗೆ ಮರಳಿದರು. ಎಡಗಿವಿ ಮಾತ್ರ ಹೋದದ್ದು ಹೋಯಿತು.

ಆಪರೇಷನ್ನಿಗೆ ಮುಂಚೆ ತಾವು ಬೇಡಿಕೊಂಡದ್ದೇನು ಎಂಬುದನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕಿವಿ ಹೋದರೆ ಹೋಗಲಿ, ಮುಖ ಉಳಿಯಲಿ, ಮಗುವಿಗೆ ಅಪ್ಪನಾಗಿ ತಾನು ಉಳಿಯಬೇಕು, ಇಷ್ಟೇ ಅದರ ಸಾರ.

ಜೀವ, ಮುಖ, ಕಿವಿ. ಈ ಗಡ್ಡೆಯ ಶಸ್ತ್ರಚಿಕಿತ್ಸೆಯ ಚರಿತ್ರೆಯೂ ಇದೇ ಕ್ರಮದಲ್ಲಿ ನಡೆದು ಬಂದಿದೆ. ವೈದ್ಯರು ಮೊದಲು ಜೀವ ಉಳಿಸಲು ಕಲಿತರು, ಆಮೇಲೆ ಮುಖ ಉಳಿಸಲು. ಕಿವಿ ಉಳಿಸುವ ಕೆಲಸ ಇನ್ನೂ ಅರ್ಧ ದಾರಿಯಲ್ಲಿದೆ. ಇಷ್ಟೊಂದು ಯಂತ್ರಗಳು, ಇಷ್ಟೊಂದು ಅನುಭವ ಇದ್ದರೂ ಅದೇಕೆ ಕೈಗೆ ಸಿಗುತ್ತಿಲ್ಲ ಎಂಬುದನ್ನು ತಿಳಿಯಬೇಕಾದರೆ ಗಡ್ಡೆ ಹುಟ್ಟುವ ಜಾಗವನ್ನು ಹತ್ತಿರದಿಂದ ನೋಡಬೇಕು.

ಕಿವಿಯ ಗಡ್ಡೆ ಎಂದು ಮಾತಿಗೆ ಹೇಳುತ್ತೇವೆ. ಆದರೆ ಇದು ಹೊರಗೆ ಕಾಣುವ ಕಿವಿಯಲ್ಲಿ ಹುಟ್ಟುವುದಿಲ್ಲ, ಕಿವಿತಮಟೆಯ ಹಿಂದಿನ ಸಣ್ಣ ಮೂಳೆಗಳಲ್ಲೂ ಅಲ್ಲ. ಒಳಗಿವಿಯಿಂದ ಮಿದುಳಿಗೆ ಹೋಗುವ ನರಗಳಿಗಾಗಿ ತಲೆಬುರುಡೆಯ ಮೂಳೆಯಲ್ಲಿ ಒಂದು ಸುರಂಗವಿದೆ. ಉದ್ದ ಸುಮಾರು ಒಂದು ಸೆಂಟಿಮೀಟರ್, ಅಗಲ ಅದರ ಅರ್ಧದಷ್ಟು. ಅಷ್ಟರಲ್ಲೇ ನಾಲ್ಕು ನರಗಳು ಒತ್ತೊತ್ತಾಗಿ ಸಾಗುತ್ತವೆ. ಮುಂಭಾಗದಲ್ಲಿ ಮೇಲೆ ಮುಖದ ಸ್ನಾಯುಗಳ ನರ, ಅದರ ಕೆಳಗೆ ಶ್ರವಣ ನರ. ಹಿಂಭಾಗದಲ್ಲಿ ಮೇಲೊಂದು ಕೆಳಗೊಂದು, ದೇಹದ ಸಮತೋಲನದ ಸುದ್ದಿ ಒಯ್ಯುವ ಎರಡು ನರಗಳು. ಇವುಗಳ ನಡುವೆ ಒಳಗಿವಿಗೆ ರಕ್ತ ಪೂರೈಸುವ ಒಂದು ಸಣ್ಣ ಅಪಧಮನಿ. ಗೋಡೆ ಮೂಳೆಯದು, ಹಿಗ್ಗುವಂಥದಲ್ಲ.

ಗಡ್ಡೆ ಹುಟ್ಟುವುದು ಸಮತೋಲನದ ನರದಲ್ಲಿ. ನರತಂತುಗಳಿಗೆ ಹೊದಿಕೆ ಹೆಣೆಯುವ ಶ್ವಾನ್ ಕೋಶಗಳು ಲೆಕ್ಕ ತಪ್ಪಿ ಬೆಳೆದರೆ ಅದೇ ಗಡ್ಡೆ. ವೈದ್ಯರು ಇದನ್ನು ವೆಸ್ಟಿಬ್ಯುಲರ್ ಶ್ವಾನೋಮಾ ಎನ್ನುತ್ತಾರೆ, ಅಕೌಸ್ಟಿಕ್ ನ್ಯೂರೋಮಾ ಎಂಬ ಹಳೆಯ ಹೆಸರೂ ಬಳಕೆಯಲ್ಲಿದೆ. 22ನೇ ವರ್ಣತಂತುವಿನಲ್ಲಿರುವ ಒಂದು ಜೀನು ಮರ್ಲಿನ್ ಎಂಬ ಪ್ರೋಟೀನನ್ನು ತಯಾರಿಸಿ ಈ ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು 1993ರಲ್ಲಿ ತಿಳಿಯಿತು. ಒಂದು ಕೋಶದಲ್ಲಿ ಆ ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಕಡಿವಾಣ ತಪ್ಪುತ್ತದೆ. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ, ಬಹುಪಾಲು ನಡುವಯಸ್ಸಿನವರಿಗೆ, ಒಂದೇ ಬದಿಯಲ್ಲಿ ಇದು ಬರುತ್ತದೆ. ಮೊಬೈಲ್ ಬಳಸಿದ್ದಕ್ಕೋ ತಲೆಗೆ ಪೆಟ್ಟು ಬಿದ್ದದ್ದಕ್ಕೋ ಹೀಗಾಯಿತೇ ಎಂದು ರೋಗಿಗಳು ಕೇಳುತ್ತಾರೆ. ಅದಕ್ಕೆ ಪುರಾವೆಯಿಲ್ಲ.

ಸಮತೋಲನದ ನರದಲ್ಲಿ ಹುಟ್ಟಿದರೂ ಮೊದಲು ದೂರು ಬರುವುದು ಪಕ್ಕದ ಶ್ರವಣ ನರದಿಂದ. ಗಡ್ಡೆ ಬಹಳ ನಿಧಾನವಾಗಿ ಬೆಳೆಯುವುದರಿಂದ ಸಮತೋಲನದಲ್ಲಿ ಆಗುವ ಏರುಪೇರನ್ನು ಮಿದುಳು ಅಷ್ಟಷ್ಟೇ ಸರಿದೂಗಿಸಿಕೊಳ್ಳುತ್ತದೆ, ತಲೆ ತಿರುಗುವುದು ಕಡಿಮೆ. ಕೇಳಿಸುವುದು ಮಂದವಾದರೆ ಹಾಗೆ ಸರಿದೂಗಿಸಲಾಗದು. ಆ ಮಂದತನಕ್ಕೊಂದು ವಿಶೇಷ ಗುಣವಿದೆ. ರೋಗಿಗೆ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಫೋನನ್ನು ಆ ಕಿವಿಗೆ ಇಟ್ಟರೆ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಹೇಳುತ್ತಿದ್ದಾರೆ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ತಮಗೇ ಅರಿವಿಲ್ಲದೆ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು ವರ್ಷಗಳನ್ನೇ ಕಳೆದವರಿದ್ದಾರೆ.

ಸದ್ದು ಕೇಳಿಯೂ ಮಾತು ತಿಳಿಯದಿರಲು ಕಾರಣ ನರದ ಕೆಲಸದ ಶೈಲಿ. ಶ್ರವಣ ನರದಲ್ಲಿ ಸುಮಾರು 30,000 ತಂತುಗಳಿವೆ. ಮಾತಿನಲ್ಲಿ ‘ಪ’ಕ್ಕೂ ‘ತ’ಕ್ಕೂ ಇರುವ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನದು. ಅದು ಮಿದುಳಿಗೆ ಸರಿಯಾಗಿ ಮುಟ್ಟಬೇಕಾದರೆ ಸಾವಿರಾರು ತಂತುಗಳು ಒಟ್ಟಿಗೆ, ಹೊತ್ತು ತಪ್ಪದೆ ಮಿಡಿಯಬೇಕು. ಗಡ್ಡೆಯ ಒತ್ತಡಕ್ಕೆ ಸಿಕ್ಕ ತಂತುಗಳು ಮಿಡಿಯುತ್ತವೆ, ಆದರೆ ಹೊತ್ತು ತಪ್ಪಿ. ಒಂದೇ ಸ್ವರದ ಬೀಪ್ ಸದ್ದು ಗುರುತಿಸಲು ಅಷ್ಟು ಸಾಕು, ಮಾತು ಬಿಡಿಸಿಕೊಳ್ಳಲು ಸಾಲದು. ಅದಕ್ಕೇ ಶ್ರವಣತಜ್ಞರು ಬೀಪ್ ಸದ್ದಿನ ಪರೀಕ್ಷೆಯೊಂದಕ್ಕೇ ನಿಲ್ಲುವುದಿಲ್ಲ, ಪದಗಳನ್ನು ಕೇಳಿಸಿ ತಿರುಗಿ ಹೇಳಿಸುತ್ತಾರೆ. ಈ ಪರೀಕ್ಷೆ ರೋಗಿಯ ಮನೆಮಾತಿನಲ್ಲೇ ನಡೆಯಬೇಕು. ಕನ್ನಡದವರಿಗಾಗಿ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕನ್ನಡ ಪದಗಳ ಪಟ್ಟಿಗಳನ್ನೇ ಸಿದ್ಧಪಡಿಸಿದೆ. ಬೀಪ್ ಪರೀಕ್ಷೆಯಲ್ಲಿ ಕಿವಿ ಸುಮಾರಾಗಿದ್ದು ಪದಗಳಲ್ಲಿ ಮಾತ್ರ ತೀರಾ ಹಿಂದೆ ಬಿದ್ದರೆ ತಜ್ಞರ ಅನುಮಾನ ಕಿವಿಯಿಂದ ನರದ ಕಡೆಗೆ ತಿರುಗುತ್ತದೆ.

ಬರೀ ಒತ್ತಡವೇ ಎಲ್ಲಕ್ಕೂ ಕಾರಣ ಎಂದು ಬಹಳ ಕಾಲ ನಂಬಿದ್ದರು. ಆದರೆ ಗಡ್ಡೆಯ ಗಾತ್ರಕ್ಕೂ ಕಿವುಡಿನ ಮಟ್ಟಕ್ಕೂ ತಾಳೆಯಾಗುವುದಿಲ್ಲ. ಬಟಾಣಿ ಗಾತ್ರದ ಗಡ್ಡೆ ಕಿವಿಯನ್ನು ಪೂರಾ ಕೆಡಿಸಿದ್ದುಂಟು, ನಿಂಬೆ ಗಾತ್ರದ್ದು ಅರ್ಧ ಉಳಿಸಿದ್ದೂ ಉಂಟು. ಬಾಸ್ಟನ್ನಿನ ಸಂಶೋಧಕರು ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳು ಸ್ರವಿಸುವ ದ್ರವವನ್ನು ಪ್ರಯೋಗಾಲಯದಲ್ಲಿ ಒಳಗಿವಿಯ ಅಂಗಾಂಶದ ಮೇಲೆ ಹಾಕಿ ನೋಡಿ 2015ರಲ್ಲಿ ವರದಿ ಮಾಡಿದರು. ಕಿವುಡಾಗಿದ್ದ ರೋಗಿಗಳ ಗಡ್ಡೆಯ ಸ್ರಾವ ಕೋಶಗಳನ್ನು ಕೆಡಿಸಿತು. ಗಡ್ಡೆ ತಾನಿದ್ದಲ್ಲಿಂದಲೇ ಕಿವಿಗೆ ವಿಷ ಉಣಿಸಬಲ್ಲದು ಎಂಬುದು ಇದರಿಂದ ತಿಳಿಯಿತು. ಹೀಗಾಗಿ ಎಷ್ಟೋ ರೋಗಿಗಳು ಆಪರೇಷನ್ ಟೇಬಲ್ ಏರುವ ಹೊತ್ತಿಗೆ ಅವರ ಕಿವಿ ಅರ್ಧ ಸೋತಿರುತ್ತದೆ.

ಇನ್ನು ಶಸ್ತ್ರಚಿಕಿತ್ಸೆಯ ಕಥೆ. ಹಾಲೆಂಡಿನ ಲೈಡನ್ ನಗರದ ಎಡ್ವರ್ಡ್ ಸ್ಯಾಂಡಿಫೋರ್ಟ್ 1777ರಲ್ಲಿ ಶವಪರೀಕ್ಷೆಯಲ್ಲಿ ಈ ಗಡ್ಡೆಯನ್ನು ಕಂಡು ವರ್ಣಿಸಿದ. ಮುಂದೆ ನೂರಕ್ಕೂ ಹೆಚ್ಚು ವರ್ಷ ಅದು ಶವಾಗಾರದ ವಿಷಯವಾಗಿಯೇ ಇತ್ತು. 1894ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಯಾಲೆನ್ಸ್ ಒಬ್ಬ ಹೆಂಗಸಿನ ತಲೆಯಿಂದ ಇಂಥ ಗಡ್ಡೆಯನ್ನು ಬೆರಳು ಹಾಕಿ ಬಿಡಿಸಿ ತೆಗೆದರು. ಆಕೆ ಬದುಕಿದಳು. ಆದರೆ ಮುಖದ ಅರ್ಧ ನಿಶ್ಚಲವಾಯಿತು, ಒಂದು ಕಣ್ಣನ್ನು ತೆಗೆಯಬೇಕಾಯಿತು. ಆ ಕಾಲದಲ್ಲಿ ಈ ಆಪರೇಷನ್ ಆದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಅಮೆರಿಕದ ಹಾರ್ವಿ ಕುಶಿಂಗ್ ಗಡ್ಡೆಯನ್ನು ಪೂರಾ ಕೀಳುವ ಹಟ ಬಿಟ್ಟು ಒಳಗಿನ ತಿರುಳನ್ನಷ್ಟೇ ಕೆರೆದು ತೆಗೆದು ಸಾವನ್ನು ಬಹಳಷ್ಟು ತಗ್ಗಿಸಿದರು. 1917ರಲ್ಲಿ ಅವರು ಬರೆದ ಪುಸ್ತಕ ಈ ವಿಷಯದ ತಳಹದಿ. ಆದರೆ ಹೀಗೆ ಒಳಗೆ ಉಳಿದ ಗಡ್ಡೆ ಮತ್ತೆ ಬೆಳೆಯುತ್ತಿತ್ತು. ಅವರ ಶಿಷ್ಯರಾಗಿದ್ದ ವಾಲ್ಟರ್ ಡ್ಯಾಂಡಿ ಪೂರಾ ತೆಗೆಯುವ ವಿಧಾನ ರೂಢಿಸಿದರು. ಅದರಲ್ಲಿ ಜೀವ ಉಳಿಯುತ್ತಿತ್ತು, ಮುಖ ಸಾಮಾನ್ಯವಾಗಿ ಉಳಿಯುತ್ತಿರಲಿಲ್ಲ. ಕಿವಿಯ ಬಗ್ಗೆ ಮಾತೇ ಇರಲಿಲ್ಲ.

ತಿರುವು ತಂದದ್ದು ಮೈಕ್ರೋಸ್ಕೋಪು. ಲಾಸ್ ಏಂಜಲೀಸ್‌ನಲ್ಲಿ ಥಿಯೊಡೋರ್ ಕರ್ಜ್ 1957ರಲ್ಲಿ ಅದನ್ನು ನರಶಸ್ತ್ರಚಿಕಿತ್ಸೆಗೆ ತಂದರು. ಅದೇ ಊರಿನ ವಿಲಿಯಂ ಹೌಸ್ 1960ರ ದಶಕದಲ್ಲಿ ಈ ಗಡ್ಡೆಯನ್ನು ಮುಟ್ಟುವ ದಾರಿಗಳನ್ನೇ ಬದಲಿಸಿದರು. ದಂತವೈದ್ಯಕೀಯ ಓದಿ, ಆಮೇಲೆ ಕಿವಿಯ ವೈದ್ಯರಾದವರು ಅವರು, ಮೂಳೆ ಕೊರೆಯುವ ಡ್ರಿಲ್ ಅವರ ಕೈಗೆ ಪಳಗಿತ್ತು. ಇಂದಿಗೂ ಮೂರು ದಾರಿಗಳು ಬಳಕೆಯಲ್ಲಿವೆ. ಒಂದು, ಒಳಗಿವಿಯ ಮೂಳೆಯನ್ನೇ ಕೊರೆದುಕೊಂಡು ನೇರವಾಗಿ ಸುರಂಗ ಸೇರುವುದು. ಇದರಲ್ಲಿ ಮುಖದ ನರ ಮೊದಲೇ ಕಣ್ಣಿಗೆ ಬೀಳುತ್ತದೆ, ಮಿದುಳನ್ನು ಸರಿಸಬೇಕಾಗುವುದಿಲ್ಲ, ಆದರೆ ಆ ಕಿವಿ ಖಂಡಿತ ಹೋಗುತ್ತದೆ. ಎರಡನೆಯದು ಕಿವಿಯ ಮೇಲ್ಗಡೆಯಿಂದ ಬರುವುದು, ಸಣ್ಣ ಗಡ್ಡೆಗಳಿಗಷ್ಟೇ ಸರಿ. ಮೂರನೆಯದು ಕಿವಿಯ ಹಿಂದಿನಿಂದ, ಕಿರುಮೆದುಳಿನ ಬದಿಯಿಂದ. ಕಿವಿ ಉಳಿಸುವ ಪ್ರಯತ್ನವಿದ್ದರೆ ಕೊನೆಯ ಎರಡರಲ್ಲೊಂದು. ಮೊದಲ ದಾರಿ ಆರಿಸಿಕೊಂಡ ಸರ್ಜನ್ ಕಿವಿಯ ಬಗ್ಗೆ ನಿರ್ಲಕ್ಷ್ಯ ತೋರಿದರು ಎಂದು ತಿಳಿಯುವುದು ತಪ್ಪು. ಕಿವಿ ಹೇಗೂ ಹೋಗಿರುವಾಗ, ಅಥವಾ ಗಡ್ಡೆ ದೊಡ್ಡದಾಗಿರುವಾಗ, ಅದು ತುಂಬಾ ಸರಿಯಾದ ದಾರಿಯಾಗಿರಬಹುದು.

ಕಿವಿಯ ಹಿಂದಿನಿಂದ ಹೋಗುವ ಮೂರನೆಯ ದಾರಿಯ ಆಪರೇಷನ್ನನ್ನೇ ನೋಡೋಣ. ಕಿವಿಯ ಹಿಂದೆ ತಲೆಬುರುಡೆಯಲ್ಲಿ ಕಿಂಡಿ ತೆರೆದು ಮಿದುಳಿನ ಸುತ್ತಣ ದ್ರವವನ್ನು ಸ್ವಲ್ಪ ಹರಿಯಬಿಟ್ಟರೆ ಕಿರುಮೆದುಳು ತಾನಾಗಿ ಜಗ್ಗಿ ದಾರಿ ಬಿಡುತ್ತದೆ. ಗಡ್ಡೆಯ ಒಳತಿರುಳನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಪುಡಿಮಾಡಿ ಹೀರಿ ಅದನ್ನು ಜೊಳ್ಳಾಗಿಸುತ್ತಾರೆ. ಆಮೇಲೆ ಸುರಂಗದ ಹಿಂಗೋಡೆಯನ್ನು ವಜ್ರದ ಹರಳು ಕೂರಿಸಿದ ಡ್ರಿಲ್ಲಿನಿಂದ ಕೊರೆಯಬೇಕು. ಮೇಲೆ ನೀರು ಸುರಿಯುತ್ತಲೇ ಇರಬೇಕು, ಇಲ್ಲವಾದರೆ ಡ್ರಿಲ್ಲಿನ ಬಿಸಿಯೇ ನರವನ್ನು ಸುಡುತ್ತದೆ. ಮೊದಲ ಅಪಾಯ ಇಲ್ಲಿಯೇ. ಈ ಗೋಡೆಯಿಂದ ಕೆಲವೇ ಮಿಲಿಮೀಟರ್ ಆಚೆ ಒಳಗಿವಿಯ ಅರ್ಧವೃತ್ತ ನಾಳಗಳಿವೆ. ಅವುಗಳ ಪೊರೆ ಒಡೆದು ದ್ರವ ಸೋರಿದರೆ, ನರಕ್ಕೆ ಏನೂ ಆಗದಿದ್ದರೂ ಕಿವಿ ಸಾಮಾನ್ಯವಾಗಿ ಹೋಗುತ್ತದೆ. ಗಡ್ಡೆ ಸುರಂಗದ ತೀರಾ ಕೊನೆಯವರೆಗೆ ಹೋಗಿದ್ದರೆ ಅಷ್ಟೂ ದೂರ ಕೊರೆಯಬೇಕು, ಆಗ ನಾಳದ ಸಮೀಪಕ್ಕೆ ಹೋಗದೆ ವಿಧಿಯಿಲ್ಲ.

ಸುರಂಗ ತೆರೆದ ಮೇಲೆ ಎದುರಾಗುವುದು ನರ. ಮೈಕ್ರೋಸ್ಕೋಪಿನಡಿ ಆರೋಗ್ಯವಂತ ಶ್ರವಣ ನರ ಬಿಳಿಯ ಹುರಿಯಾಗಿ ಕಾಣುತ್ತದೆ. ಗಡ್ಡೆಯ ಮೇಲೆ ಹರಡಿಕೊಂಡ ನರ ಹಾಗಿರುವುದಿಲ್ಲ. ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿ, ಬಣ್ಣ ಮಾಸಿ, ಗಡ್ಡೆಯ ಕವಚ ಎಲ್ಲಿ ಮುಗಿಯಿತು ನರ ಎಲ್ಲಿ ಶುರುವಾಯಿತು ಎಂದು ತಿಳಿಯದಂತಾಗಿರುತ್ತದೆ. ಹಲಸಿನ ಬೀಜದ ಮೇಲಿನ ತೆಳುಪೊರೆ ಎಲ್ಲೂ ಹರಿಯದಂತೆ ಬೀಜವನ್ನು ಮಾತ್ರ ಹೊರತೆಗೆಯಿರಿ ಎಂದರೆ ಎಷ್ಟು ಕಷ್ಟವೋ ಅಂಥ ಕೆಲಸ ಇದು, ಅದೂ ಬೆರಳಿಗೆ ನಿಲುಕದ ಆಳದಲ್ಲಿ.

ಮುಖದ ನರವೂ ಹೀಗೆಯೇ ಚಪ್ಪಟೆಯಾಗಿರುತ್ತದೆ. ಆದರೂ ಅದು ಹೆಚ್ಚು ಬಾರಿ ಉಳಿಯುತ್ತದೆ, ಸ್ವಲ್ಪ ಪೆಟ್ಟಾದರೂ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಶ್ರವಣ ನರ ಅಷ್ಟು ಗಟ್ಟಿಯದಲ್ಲ. ಅದಕ್ಕೆ ಕಾರಣಗಳು ಅದರ ರಚನೆಯಲ್ಲಿವೆ. ಸುರಂಗದ ಕೊನೆಯಲ್ಲಿ ಶ್ರವಣ ನರ ಒಂದೇ ಹುರಿಯಾಗಿ ಉಳಿಯದೆ, ಜರಡಿಯಂತಿರುವ ಮೂಳೆಯ ಸಣ್ಣ ಸಣ್ಣ ತೂತುಗಳ ಮೂಲಕ ಬಿಡಿ ಎಳೆಗಳಾಗಿ ಒಳಗಿವಿಯಲ್ಲಿ ಸುರುಳಿ ಸುತ್ತಿದ ಕೇಳುವ ಅಂಗವಾದ ಕಾಕ್ಲಿಯಾದೊಳಕ್ಕೆ ಹೋಗುತ್ತದೆ. ಗಡ್ಡೆಯನ್ನು ಮಿದುಳಿನ ಕಡೆಗೆ ಕೊಂಚ ಎಳೆದರೂ ಆ ಎಳೆಗಳು ತೂತುಗಳ ಬಾಯಲ್ಲೇ ಕಿತ್ತುಬರುತ್ತವೆ. ಆದ್ದರಿಂದ ಮಿದುಳಿನ ಬದಿಯಿಂದ ಕಿವಿಯ ಬದಿಗೆ ಬಿಡಿಸುತ್ತಾ ಹೋಗಬೇಕು, ಎಂದೂ ತಿರುಗಿ ಎಳೆಯಬಾರದು ಎಂಬುದು ಕಲಿಯುವವರಿಗೆ ಹೇಳಿಕೊಡುವ ಪಾಠ. ಇದಲ್ಲದೆ ದೇಹದ ಇತರ ನರಗಳಂತೆ ಶ್ವಾನ್ ಕೋಶಗಳ ಗಟ್ಟಿ ಹೊದಿಕೆ ಶ್ರವಣ ನರಕ್ಕೆ ಉದ್ದಕ್ಕೂ ಇಲ್ಲ. ಮಿದುಳಿನಿಂದ ಹೊರಟ ಮೇಲೆ ಬಹಳ ದೂರದವರೆಗೆ ಅದರ ಹೊದಿಕೆ ಮಿದುಳಿನ ಮೆತ್ತನೆಯ ಜಾತಿಯದು. ಜಗ್ಗುವಿಕೆಯನ್ನು ಅದು ತಾಳಿಕೊಳ್ಳದು.

ಮೂರನೆಯ ಕಾರಣ ರಕ್ತ. ಒಳಗಿವಿಗೆ ಹೋಗುವ ಅಪಧಮನಿಗೆ ಬದಲಿ ದಾರಿಯಿಲ್ಲ. ಕೈಗೋ ಕಾಲಿಗೋ ಒಂದು ರಕ್ತನಾಳ ಕಟ್ಟಿದರೆ ಅಕ್ಕಪಕ್ಕದ ನಾಳಗಳು ಸ್ವಲ್ಪಮಟ್ಟಿಗೆ ನಿಭಾಯಿಸುತ್ತವೆ. ಇಲ್ಲಿ ಹಾಗಾಗದು. ಕಾಕ್ಲಿಯಾದಲ್ಲಿ ಸದ್ದನ್ನು ವಿದ್ಯುತ್ ಸಂಕೇತವಾಗಿಸುವ ಒಳಸಾಲಿನ ಕೋಶಗಳು ಇರುವುದೇ ಸುಮಾರು 3,500. ರಕ್ತ ನಿಂತರೆ ನಿಮಿಷಗಳಲ್ಲಿ ಅವು ಕೆಡತೊಡಗುತ್ತವೆ, ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನಾಳ ತುಂಡಾಗಬೇಕೆಂದೂ ಇಲ್ಲ, ಪಕ್ಕದಲ್ಲಿ ಉಪಕರಣ ಓಡಾಡಿದ್ದಕ್ಕೇ ಅದು ಸೆಟೆದುಕೊಂಡು ಮುಚ್ಚಿಕೊಳ್ಳಬಹುದು.

ಇಷ್ಟೆಲ್ಲ ನಡೆಯುವಾಗ ರೋಗಿ ಅರಿವಳಿಕೆಯಲ್ಲಿರುತ್ತಾರೆ, ಕೇಳಿಸುತ್ತಿದೆಯೇ ಎಂದು ಅವರನ್ನು ಕೇಳುವಂತಿಲ್ಲ. ಕಿವಿಯನ್ನೇ ಕೇಳಬೇಕು. ಕಿವಿಯೊಳಗೆ ಪುಟ್ಟ ಇಯರ್‌ಫೋನ್ ಇಟ್ಟು ಟಿಕ್ ಟಿಕ್ ಸದ್ದು ಕಳಿಸುತ್ತಾರೆ, ತಲೆಯ ಮೇಲಿನ ಎಲೆಕ್ಟ್ರೋಡುಗಳು ನರ ಮತ್ತು ಮಿದುಳುಕಾಂಡದ ಉತ್ತರವನ್ನು ಹಿಡಿಯುತ್ತವೆ. 1971ರಲ್ಲಿ ಜೂವೆಟ್ ಮತ್ತು ವಿಲಿಸ್ಟನ್ ಈ ಉತ್ತರದಲ್ಲಿರುವ ಅಲೆಗಳನ್ನು ಗುರುತಿಸಿ ಎಣಿಕೆ ಹಾಕಿಕೊಟ್ಟರು. ಸದ್ದಾದ ಸುಮಾರು ಒಂದೂವರೆ ಮಿಲಿಸೆಕೆಂಡಿಗೆ ಮೊದಲ ಅಲೆ, ಅದು ಕಾಕ್ಲಿಯಾದ ಬಾಗಿಲಲ್ಲಿ ನರದ ತುದಿಯಿಂದ ಬರುವಂಥದು. ಐದೂವರೆ ಮಿಲಿಸೆಕೆಂಡಿನ ಆಸುಪಾಸಿಗೆ ಐದನೆಯ ಅಲೆ, ಅದು ಮಿದುಳುಕಾಂಡದ ಮೇಲ್ಭಾಗದಿಂದ. ಈ ಎರಡು ಅಲೆಗಳನ್ನು ಒಟ್ಟಿಗೆ ಓದಿದರೆ ಒಳಗೆ ಏನಾಗುತ್ತಿದೆ ಎಂದು ಊಹಿಸಬಹುದು. ಮೊದಲನೆಯದು ಇದ್ದು ಐದನೆಯದು ಮಾಯವಾದರೆ ಕಿವಿ ಬದುಕಿದೆ, ನಡುದಾರಿಯಲ್ಲಿ ನರಕ್ಕೆ ಪೆಟ್ಟಾಗಿದೆ. ಎರಡೂ ಒಮ್ಮೆಲೇ ಹೋದರೆ ರಕ್ತ ನಿಂತಿರಬೇಕು. ಇಷ್ಟು ಸಣ್ಣ ಸಂಕೇತದಿಂದ ಇಷ್ಟು ನಿಖರವಾದ ಸುದ್ದಿ ಪಡೆಯುವುದನ್ನು ನಾನು ಈ ವಿದ್ಯೆಯ ಅತಿ ಸುಂದರವಾದ ಭಾಗ ಎಂದೇ ಎಣಿಸುತ್ತೇನೆ.

ಐದನೆಯ ಅಲೆ ಅರ್ಧದಿಂದ ಒಂದು ಮಿಲಿಸೆಕೆಂಡು ತಡವಾದರೆ, ಅಥವಾ ಅದರ ಎತ್ತರ ಅರ್ಧಕ್ಕಿಳಿದರೆ, ಪರದೆಯ ಮುಂದೆ ಕೂತ ತಂತ್ರಜ್ಞರು ಎಚ್ಚರಿಸುತ್ತಾರೆ. ಸರ್ಜನ್ ಕೈ ನಿಲ್ಲಿಸುತ್ತಾರೆ. ಬೆಚ್ಚಗಿನ ಸಲೈನ್ ಹರಿಸುತ್ತಾರೆ, ಸೆಟೆದ ನಾಳ ಸಡಿಲವಾಗಲೆಂದು ಪಪಾವರೀನ್ ಔಷಧಿ ಹಾಕುತ್ತಾರೆ, ಕಾಯುತ್ತಾರೆ. ಅಲೆ ಮರಳಿದರೆ ಕೆಲಸ ಮುಂದುವರಿಯುತ್ತದೆ. ತೊಡಕಿರುವುದು ಹೊತ್ತಿನಲ್ಲಿ. ಮಿದುಳಿನ ಇತರ ಗದ್ದಲದ ನಡುವೆ ಈ ಅಲೆಗಳು ಎಷ್ಟು ಕ್ಷೀಣವೆಂದರೆ ಸಾವಿರದಷ್ಟು ಟಿಕ್‌ಗಳ ಉತ್ತರಗಳ ಸರಾಸರಿ ತೆಗೆಯಬೇಕು, ಅದಕ್ಕೆ ಒಂದು ನಿಮಿಷದ ಹತ್ತಿರ ಹಿಡಿಯುತ್ತದೆ. ಪರದೆಯ ಮೇಲೆ ಕೆಟ್ಟ ಸುದ್ದಿ ಬರುವಷ್ಟರಲ್ಲಿ ಆಗಬಾರದ್ದು ಆಗಿ ಹೋಗಿರಬಹುದು. ನರದ ಮೇಲೆಯೇ ಎಲೆಕ್ಟ್ರೋಡ್ ಇಟ್ಟರೆ ಉತ್ತರ ಕೆಲವೇ ಕ್ಷಣಗಳಲ್ಲಿ ಸಿಗುತ್ತದೆ, ಆದರೆ ಅಷ್ಟು ಇಕ್ಕಟ್ಟಿನಲ್ಲಿ ಅದನ್ನು ಅಲುಗದಂತೆ ಇಡುವುದೇ ಒಂದು ಸಾಹಸ.

ಜರ್ಮನಿಯ ಹ್ಯಾನೋವರ್‌ನಲ್ಲಿ ಮಜೀದ್ ಸಮಿ ತಮ್ಮ ಸಾವಿರ ಆಪರೇಷನ್‌ಗಳ ಲೆಕ್ಕವನ್ನು 1997ರಲ್ಲಿ ಪ್ರಕಟಿಸಿದರು. ಜಗತ್ತಿನ ಅತ್ಯಂತ ಪಳಗಿದ ಕೈಗಳಲ್ಲಿ ಒಂದು ಅದು. ಮುಖದ ನರ ತುಂಡಾಗದೆ ಉಳಿದದ್ದು ಶೇ 93ರಲ್ಲಿ, ಶ್ರವಣ ನರ ಉಳಿದದ್ದು ಶೇ 68ರಲ್ಲಿ. ಆದರೆ ಆಪರೇಷನ್ನಿಗೆ ಮುಂಚೆ ಅಷ್ಟೋ ಇಷ್ಟೋ ಕೇಳಿಸುತ್ತಿದ್ದವರಲ್ಲಿ ಆಮೇಲೂ ಕೇಳಿಸಿದ್ದು ಶೇ 39ರಷ್ಟು ಮಂದಿಗೆ ಮಾತ್ರ. ನರ ಕಣ್ಣಿಗೆ ಇಡಿಯಾಗಿ ಕಾಣುತ್ತಿದ್ದೂ ಕಿವಿ ಹೋದವರು ಎಷ್ಟೋ ಜನ. ಈ ಅಂಕಿಗಳನ್ನು ರೋಗಿಯ ಮನೆಯವರು ತಿಳಿದಿರಬೇಕು. ಕಿವಿ ಹೋಯಿತೆಂದರೆ ಡಾಕ್ಟರು ಎಡವಿದರು ಎಂದೇ ತೀರ್ಮಾನಿಸುವುದು ನ್ಯಾಯವಲ್ಲ.

ಇನ್ನೊಂದು ಬಗೆಯ ನಷ್ಟ ರೋಗಿಗಳನ್ನು ಹೆಚ್ಚು ಕುಗ್ಗಿಸುತ್ತದೆ. ಆಪರೇಷನ್ ಆದ ಮರುದಿನ ಕಿವಿ ಕೇಳಿಸುತ್ತದೆ, ಎಲ್ಲರೂ ಸಂತೋಷಪಡುತ್ತಾರೆ, ಕೆಲವು ದಿನಗಳಲ್ಲಿ ಆ ಕಿವಿ ಕೈಕೊಡುತ್ತದೆ. ನರದ ಊತ, ರಕ್ತನಾಳದ ಸೆಟೆತ ಇದಕ್ಕೆ ಕಾರಣವಿರಬೇಕು. ನಾಳ ಸಡಿಲಿಸುವ ನಿಮೋಡಿಪಿನ್ ಔಷಧಿಯನ್ನು ಕೆಲವು ಕೇಂದ್ರಗಳಲ್ಲಿ ಕೊಡುತ್ತಾರೆ. ಜರ್ಮನಿಯಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದರ ಪ್ರಯೋಜನ ಖಚಿತವಾಗಿ ಸಾಬೀತಾಗಲಿಲ್ಲ.

ಒಂದು ಕಿವಿ ಹೋದರೆ ಏನಂತೆ, ಇನ್ನೊಂದಿದೆಯಲ್ಲ ಎನ್ನುವವರು ಎರಡು ಕಿವಿ ಇರುವವರೇ. ಸದ್ದು ಎಡದಿಂದ ಬಂದರೆ ಎಡಗಿವಿಗೆ ಮೊದಲು ಮುಟ್ಟುತ್ತದೆ, ಬಲಗಿವಿಗೆ ಹೆಚ್ಚೆಂದರೆ 0.7 ಮಿಲಿಸೆಕೆಂಡ್ ತಡವಾಗಿ. ತಲೆ ಅಡ್ಡವಾಗುವುದರಿಂದ ಕೀಚು ಸ್ವರಗಳು ಆ ಬದಿಗೆ 20 ಡೆಸಿಬೆಲ್‌ವರೆಗೂ ಕ್ಷೀಣವಾಗುತ್ತವೆ. ಈ ಸೂಕ್ಷ್ಮ ವ್ಯತ್ಯಾಸಗಳಿಂದಲೇ ಮಿದುಳು ಸದ್ದಿನ ದಿಕ್ಕು ಹಿಡಿಯುತ್ತದೆ, ಗದ್ದಲದಿಂದ ಒಂದು ದನಿಯನ್ನು ಬೇರ್ಪಡಿಸುತ್ತದೆ. ಒಂದೇ ಕಿವಿಯಿದ್ದರೆ ಎರಡೂ ಆಗದು. ರಸ್ತೆಯಲ್ಲಿ ಹಾರ್ನ್ ಕೇಳುತ್ತದೆ, ಯಾವ ಕಡೆಯಿಂದ ಎಂದು ತಿಳಿಯದೆ ನಿಂತಲ್ಲೇ ಸುತ್ತುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕಿವುಡು ಬದಿಗೆ ಕೂತವರು ಮಾತಾಡಿಸಿದರೆ ಉತ್ತರವಿಲ್ಲ, ಅವರು ಜಂಬ ಎಂದುಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ದಣಿವು, ಯಾಕೆಂದರೆ ಇತರರಿಗೆ ತಾನಾಗಿ ನಡೆಯುವ ಕೆಲಸವನ್ನು ಇವರು ದಿನವಿಡೀ ಗಮನ ಕೊಟ್ಟು ಮಾಡಬೇಕು. ಜೊತೆಗೆ ಸತ್ತ ಕಿವಿಯಲ್ಲಿ ಗುಂಯ್‌ಗುಡುವಿಕೆ ಅನೇಕರಿಗೆ ಉಳಿಯುತ್ತದೆ. ನರವನ್ನೇ ಕತ್ತರಿಸಿದ ಮೇಲೂ ಅದು ನಿಲ್ಲದಿರಬಹುದು, ಏಕೆಂದರೆ ಆ ಸದ್ದನ್ನು ಹುಟ್ಟಿಸುತ್ತಿರುವುದು ಸುದ್ದಿಯಿಲ್ಲದೆ ಬರಿದಾದ ಮಿದುಳು.

ಪರಿಹಾರಗಳಿವೆ. ಕಿವುಡು ಬದಿಯ ಸದ್ದನ್ನು ವೈರ್‌ಲೆಸ್ ಮೂಲಕ ಒಳ್ಳೆಯ ಕಿವಿಗೆ ದಾಟಿಸುವ ಕ್ರಾಸ್ ಶ್ರವಣಯಂತ್ರ ಒಂದು. ಕಿವಿಯ ಹಿಂದಿನ ಮೂಳೆಯಲ್ಲಿ ಟೈಟಾನಿಯಂ ಮೊಳೆ ಕೂರಿಸಿ ಮೂಳೆಯ ಕಂಪನದಿಂದಲೇ ಸದ್ದನ್ನು ಆಚೆಗೆ ಕಳಿಸುವ ಸಾಧನ ಇನ್ನೊಂದು. ಇದು 1977ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಆರಂಭವಾಯಿತು. ಇವೆರಡರಿಂದ ಕಿವುಡು ಬದಿಯ ಮಾತು ಕೇಳುತ್ತದೆ, ದಿಕ್ಕು ಮಾತ್ರ ತಿಳಿಯದು. ದಿಕ್ಕೂ ಬೇಕೆಂದರೆ ಕಾಕ್ಲಿಯಾದೊಳಗೆ ಎಲೆಕ್ಟ್ರೋಡ್ ಇಟ್ಟು ಶ್ರವಣ ನರವನ್ನು ನೇರವಾಗಿ ಮಿಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕು. ಅದಕ್ಕೆ ಶ್ರವಣ ನರ ಉಳಿದಿರಲೇಬೇಕು. ಹಾಗಾಗಿ ಕೇಳುವಿಕೆ ಹೋದರೂ ನರವನ್ನಾದರೂ ಉಳಿಸುವುದು ಈಗ ದೊಡ್ಡ ಗುರಿ. ಕೆಲವು ಕೇಂದ್ರಗಳಲ್ಲಿ ಗಡ್ಡೆ ತೆಗೆದ ಆಪರೇಷನ್ನಿನಲ್ಲೇ ಇಂಪ್ಲಾಂಟನ್ನೂ ಕೂರಿಸುತ್ತಾರೆ, ಏಕೆಂದರೆ ತಡಮಾಡಿದರೆ ಕಾಕ್ಲಿಯಾದೊಳಗೆ ಮೂಳೆ ಬೆಳೆದು ದಾರಿ ಮುಚ್ಚಬಹುದು.

ಎರಡೂ ಬದಿಯಲ್ಲಿ ಗಡ್ಡೆ ಬರುವ ಆನುವಂಶಿಕ ಕಾಯಿಲೆಯೊಂದಿದೆ, ಎನ್‌ಎಫ್2 ಎನ್ನುತ್ತಾರೆ. ಇವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು, ಎರಡೂ ಕಿವಿ ಕಳೆದುಕೊಳ್ಳುವ ಭಯ ಇವರದು. ನರವೇ ಇಲ್ಲದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಪ್ರಯೋಜನಕ್ಕೆ ಬಾರದು. ಅದಕ್ಕೇ 1979ರಲ್ಲಿ ವಿಲಿಯಂ ಹೌಸ್ ಮತ್ತು ನರಶಸ್ತ್ರವೈದ್ಯ ವಿಲಿಯಂ ಹಿಟ್ಸೆಲ್‌ಬರ್ಗರ್ ಸೇರಿ ಎಲೆಕ್ಟ್ರೋಡನ್ನು ನೇರವಾಗಿ ಮಿದುಳುಕಾಂಡದ ಮೇಲಿಟ್ಟರು. ಅದರಿಂದ ಬಹುಪಾಲು ಜನರಿಗೆ ಸಿಗುವುದು ಸದ್ದಿನ ಅರಿವು ಮತ್ತು ತುಟಿ ಓದಲು ಒಂದಷ್ಟು ನೆರವು. 2009ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಬೆವಾಸಿಝುಮ್ಯಾಬ್ ಎಂಬ ಔಷಧಿಯನ್ನು ಇಂಥ ಹತ್ತು ರೋಗಿಗಳಿಗೆ ಕೊಟ್ಟಾಗ ಒಂಬತ್ತು ಮಂದಿಯ ಗಡ್ಡೆ ಕುಗ್ಗಿತು, ಅಳೆಯಲು ಸಾಧ್ಯವಿದ್ದ ಏಳು ಮಂದಿಯಲ್ಲಿ ನಾಲ್ವರ ಕೇಳುವಿಕೆ ಸುಧಾರಿಸಿತು. ಹೋಗುತ್ತಿದ್ದ ಕಿವಿ ಔಷಧಿಯಿಂದ ಹಿಂತಿರುಗಬಹುದು ಎಂಬ ಸಾಧ್ಯತೆಯೇ ದೊಡ್ಡದು.

ಹಾಗಾದರೆ ಸಣ್ಣ ಗಡ್ಡೆಯಿದ್ದು ಕಿವಿ ಚೆನ್ನಾಗಿರುವವರು ಆಪರೇಷನ್ ಮಾಡಿಸಿಕೊಳ್ಳಬೇಕೇ? ಡೆನ್ಮಾರ್ಕಿನಲ್ಲಿ 552 ರೋಗಿಗಳನ್ನು ಬರೀ ಸ್ಕ್ಯಾನ್ ಮಾಡುತ್ತಾ ಗಮನಿಸಿದಾಗ, ಸುರಂಗದೊಳಗೇ ಇದ್ದ ಗಡ್ಡೆಗಳಲ್ಲಿ ಬೆಳೆದವು ಶೇ 17 ಮಾತ್ರ. ಆದ್ದರಿಂದ ಕಾದು ನೋಡುವುದು ಒಂದು ನಿಜವಾದ ಚಿಕಿತ್ಸಾ ಕ್ರಮವೇ. ಸ್ಟಾಕ್‌ಹೋಮಿನ ಲಾರ್ಸ್ ಲೆಕ್ಸೆಲ್ 1969ರಲ್ಲಿ ಈ ಗಡ್ಡೆಗೆ ಮೊದಲು ಬಳಸಿದ ಗಾಮಾ ನೈಫ್ ವಿಕಿರಣ ಇನ್ನೊಂದು ಕ್ರಮ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದು ಲಭ್ಯ. ಅಮೆರಿಕದ ನರಶಸ್ತ್ರವೈದ್ಯರ ಸಂಘ 2018ರಲ್ಲಿ ಎಲ್ಲ ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿದ್ದು ಹೀಗೆ. ಸಣ್ಣ, ಮಧ್ಯಮ ಗಡ್ಡೆಯಿರುವವರು ಬರೀ ಕಾದು ನೋಡಿದರೆ ಎರಡು ವರ್ಷದ ನಂತರ ಕಿವಿ ಉಪಯೋಗಕ್ಕೆ ಬರುವಂತೆ ಉಳಿಯುವ ಸಾಧ್ಯತೆ ಶೇ 75ಕ್ಕೂ ಹೆಚ್ಚು, ಐದು ವರ್ಷಕ್ಕೆ 50ರಿಂದ 75, ಹತ್ತು ವರ್ಷಕ್ಕೆ 25ರಿಂದ 50. ವಿಕಿರಣದಲ್ಲಿ ಐದು ವರ್ಷದವರೆಗೆ 50ರಿಂದ 75, ಹತ್ತಕ್ಕೆ 25ರಿಂದ 50. ಆಪರೇಷನ್ನಿನಲ್ಲಿ ಶುರುವಿನಿಂದಲೇ 25ರಿಂದ 50, ಹತ್ತು ವರ್ಷಕ್ಕೂ ಅಷ್ಟೇ.

ಹತ್ತನೇ ವರ್ಷದ ಅಂಕಿಗಳನ್ನು ಗಮನಿಸಿ, ಮೂರೂ ಒಂದೇ ಕಡೆ ಬಂದು ಸೇರುತ್ತವೆ. ಕತ್ತಿ ಮುಟ್ಟದಿದ್ದರೂ ಗಡ್ಡೆ ಕಿವಿಯನ್ನು ತಿನ್ನುತ್ತಲೇ ಇರುತ್ತದೆ. ಆಪರೇಷನ್ನಿನಲ್ಲಿ ನಷ್ಟ ಅದೇ ದಿನ ಆಗುತ್ತದೆ, ಇತರ ದಾರಿಗಳಲ್ಲಿ ನಿಧಾನವಾಗಿ. ವಯಸ್ಸು, ಉದ್ಯೋಗ, ಇನ್ನೊಂದು ಕಿವಿಯ ಸ್ಥಿತಿ, ತಲೆಯೊಳಗೆ ಗಡ್ಡೆ ಇಟ್ಟುಕೊಂಡು ನೆಮ್ಮದಿಯಿಂದಿರುವ ಸ್ವಭಾವ, ಇವೆಲ್ಲ ಸೇರಿ ತೀರ್ಮಾನವಾಗಬೇಕು. ಅರವತ್ತೈದರ ನಿವೃತ್ತ ಮೇಷ್ಟರಿಗೂ ಮೂವತ್ತರ ಸಂಗೀತಗಾರ್ತಿಗೂ ಒಂದೇ ಉತ್ತರ ಇರಲಾರದು.

ಈ ಆಯ್ಕೆಗಳೆಲ್ಲ ಇರುವುದು ಗಡ್ಡೆ ಸಣ್ಣದಿರುವಾಗ. ಮೂರು ಸೆಂಟಿಮೀಟರ್ ದಾಟಿದ ಗಡ್ಡೆಯಲ್ಲಿ ಕಿವಿ ಉಳಿಯುವುದು ಅಪರೂಪ. ಅಲ್ಲಿ ಮುಖ ಉಳಿಸುವುದೇ ಹೋರಾಟ, ಅದಕ್ಕಾಗಿ ನರಕ್ಕಂಟಿದ ಒಂದು ಪದರ ಗಡ್ಡೆಯನ್ನು ಬೇಕೆಂದೇ ಬಿಟ್ಟು ಆಮೇಲೆ ವಿಕಿರಣ ಕೊಡುವ ಪದ್ಧತಿ ಈಗ ಹೆಚ್ಚುತ್ತಿದೆ. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಕಾಣುವುದು ಬಹುಪಾಲು ಇಂಥ ದೊಡ್ಡ ಗಡ್ಡೆಗಳೇ. ನಡಿಗೆ ಓಲಾಡತೊಡಗಿದ ಮೇಲೆ, ತಲೆನೋವು ವಾಂತಿ ಶುರುವಾದ ಮೇಲೆ, ದೃಷ್ಟಿ ಮಂಜಾದ ಮೇಲೆ ಜನ ಬರುತ್ತಾರೆ. ಕೇಳಿದರೆ, ಆ ಕಿವಿ ಮಂದವಾಗಿ ವರ್ಷಗಳೇ ಆದವು ಎನ್ನುತ್ತಾರೆ. ಗುಗ್ಗೆ ಇರಬೇಕು ಎಂದು ಎಣ್ಣೆ ಬಿಟ್ಟುಕೊಂಡಿದ್ದರು, ವಯಸ್ಸಾಯಿತು ಎಂದು ಸುಮ್ಮನಿದ್ದರು. ವಯಸ್ಸಿನ ಕಿವುಡು ಎರಡೂ ಕಿವಿಗೆ ಹೆಚ್ಚುಕಡಿಮೆ ಸಮವಾಗಿ ಬರುತ್ತದೆ, ಒಂದನ್ನೇ ಆರಿಸಿಕೊಳ್ಳುವುದಿಲ್ಲ.

ಆಪರೇಷನ್ ನಿಗದಿಯಾದವರು ಸರ್ಜನ್ನರ ಮುಂದೆ ಸಂಕೋಚ ಬಿಟ್ಟು ಕೇಳಬೇಕು. ಯಾವ ದಾರಿಯಿಂದ ಹೋಗುತ್ತೀರಿ, ನನ್ನ ಕಿವಿ ಉಳಿಸುವ ಪ್ರಯತ್ನ ಇದೆಯೇ, ಕಿವಿ ಹೋದರೂ ನರ ಉಳಿಸಬಹುದೇ, ಆಪರೇಷನ್ ನಡೆಯುವಾಗ ಕಿವಿಯ ಅಲೆಗಳನ್ನು ಗಮನಿಸುವ ವ್ಯವಸ್ಥೆ ಇಲ್ಲಿದೆಯೇ. ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಕಿವಿ ಹೋಗಲಿದೆ ಎಂದು ಮೊದಲೇ ತಿಳಿದು ಒಳಗೆ ಹೋದವರು ಆಮೇಲೆ ಹೊಂದಿಕೊಳ್ಳುವುದೂ ಸುಲಭ.

ಓದುಗರಲ್ಲಿ ನನ್ನ ಕೋರಿಕೆ ಇದು. ಈ ಹೊತ್ತೇ ಫೋನನ್ನು ನೀವು ಸಾಮಾನ್ಯವಾಗಿ ಬಳಸದ ಕಿವಿಗೆ ಇಟ್ಟು ಯಾರೊಂದಿಗಾದರೂ ಮಾತಾಡಿ ನೋಡಿ. ಮಾತು ಸ್ಪಷ್ಟವಾಗದಿದ್ದರೆ, ಒಂದೇ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ, ಕಿವಿಯ ಡಾಕ್ಟರ ಬಳಿ ಹೋಗಿ ಆಡಿಯೋಗ್ರಾಂ ಮಾಡಿಸಿ. ಎರಡು ಕಿವಿಗಳ ನಡುವೆ ಕಾರಣ ತಿಳಿಯದ ವ್ಯತ್ಯಾಸ ಕಂಡರೆ ಎಂ.ಆರ್.ಐ. ಬೇಕೇ ಎಂದು ನೀವೇ ಕೇಳಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ತುರ್ತು, ವಾರಗಟ್ಟಲೆ ಕಾಯದೆ ಅಂದೋ ಮರುದಿನವೋ ಹೋಗಿ. ಸ್ಟಿರಾಯ್ಡ್ ಔಷಧಿಯಿಂದ ಕಿವಿ ಪೂರಾ ಸರಿಹೋದರೂ ಎಂ.ಆರ್.ಐ. ತಪ್ಪಿಸಬೇಡಿ, ಏಕೆಂದರೆ ಗಡ್ಡೆಯಿಂದ ಬಂದ ಕಿವುಡೂ ಕೆಲವೊಮ್ಮೆ ಹಾಗೆ ಸರಿಹೋಗುತ್ತದೆ.